ಹೊಸ ಬಳಕೆದಾರರು ಮತ್ತು ಉಬುಂಟು: ಒಂದು ಮುಕ್ತ ವ್ಯವಸ್ಥೆಯ ಎರಡು ದಶಕ

ಮುಕ್ತ ತಂತ್ರಾಂಶದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ಪ್ರೋಗ್ರಾಂ ಬರೆಯುವವರ ಚರಿತ್ರೆಯಾಗಿಯೇ ಕಂಡಿದ್ದಾರೆ. ಯಾರು ಯಾವ ವರ್ಷ ಏನನ್ನು ರಚಿಸಿದರು, ಯಾವ ಪರವಾನಗಿಯಡಿ ಹಂಚಿದರು ಎಂಬುದೇ ಅಲ್ಲಿ ಮುಖ್ಯ ಕಥನ. ಆದರೆ ಪತ್ರ ಬರೆಯಲು, ಲೆಕ್ಕ ಇಡಲು, ಹಾಡು ಕೇಳಲು ಮಾತ್ರ ಗಣಕವನ್ನು ಬಳಸುವ ಸಾಮಾನ್ಯ ಜನರು ಈ ಚರಿತ್ರೆಯೊಳಕ್ಕೆ ಯಾವಾಗ ಬಂದರು, ಬಂದು ಯಾವ ತೊಡಕುಗಳನ್ನು ಕಂಡರು, ಆ ತೊಡಕುಗಳಿಂದ ವ್ಯವಸ್ಥೆಯೇ ಹೇಗೆ ಬದಲಾಯಿತು ಎಂಬ ಪ್ರಶ್ನೆಗಳಿಗೂ ಅಷ್ಟೇ ತೂಕವಿದೆ. ಗಣಕದ ಯಂತ್ರಭಾಗಗಳಿಗೂ ಬಳಕೆದಾರರು ತೆರೆಯುವ ಪ್ರೋಗ್ರಾಂಗಳಿಗೂ ನಡುವೆ ನಿಂತು ಎರಡನ್ನೂ ನಡೆಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ಅಂಥ ವ್ಯವಸ್ಥೆಗಳಲ್ಲಿ, 2004ರ ಅಕ್ಟೋಬರ್ 20ರಂದು ಮೊದಲು ಬಿಡುಗಡೆಯಾದ ಉಬುಂಟು ಹೊಸಬರನ್ನೇ ಗುರಿಯಾಗಿಟ್ಟುಕೊಂಡು ಹೊರಟದ್ದರಿಂದ, ಈ ಪ್ರಶ್ನೆಗಳನ್ನು ಕೇಳಲು ಅದರ ಚರಿತ್ರೆಯೇ ತಕ್ಕದ್ದು.

ತಂತ್ರಾಂಶದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಬಳಸುವವರೆಲ್ಲರಿಗೂ ಓದಲು, ತಿದ್ದಲು, ಮರುಹಂಚಲು ದೊರೆಯಬೇಕೆಂಬ ತತ್ತ್ವದ ಮೇಲೆ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದರು; ಈ ಹಕ್ಕುಗಳನ್ನು ಕಾನೂನಿನ ಭಾಷೆಯಲ್ಲಿ ಕಟ್ಟಿಕೊಟ್ಟ ಜಿಪಿಎಲ್ ಪರವಾನಗಿ 1989ರಲ್ಲಿ ಹೊರಬಂತು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ ಅನ್ನು ಬರೆದು, ಮರುವರ್ಷ ಅದನ್ನು ಇದೇ ಪರವಾನಗಿಗೆ ಒಳಪಡಿಸಿದ ಮೇಲೆ, ಗ್ನು ಸಲಕರಣೆಗಳೂ ಲಿನಕ್ಸ್ ಕರ್ನಲ್ಲೂ ಕೂಡಿ ಒಂದು ಪೂರ್ಣ ವ್ಯವಸ್ಥೆಯಾಗುವುದು ಸಾಧ್ಯವಾಯಿತು. ಬಿಡಿಬಿಡಿಯಾಗಿದ್ದ ಈ ಭಾಗಗಳನ್ನು ಒಟ್ಟುಗೂಡಿಸಿ, ಗಣಕಕ್ಕೆ ಅಳವಡಿಸುವ ಏರ್ಪಾಡಿನೊಂದಿಗೆ ಹಂಚುವ ಕಟ್ಟನ್ನು ಡಿಸ್ಟ್ರಿಬ್ಯೂಷನ್ ಎಂದೂ ಬಳಕೆದಾರರ ಆಡುಮಾತಿನಲ್ಲಿ ಡಿಸ್ಟ್ರೋ ಎಂದೂ ಕರೆಯುತ್ತಾರೆ. 1993ರಲ್ಲಿ ಆರಂಭವಾದ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಇಂದಿಗೂ ಉಳಿದಿರುವ ಡಿಸ್ಟ್ರೋಗಳಲ್ಲಿ ಅತ್ಯಂತ ಹಳೆಯವು.

ಆ ಕಾಲದ ಬಳಕೆದಾರರ ಅನುಭವ ಇಂದಿನವರ ಊಹೆಗೂ ನಿಲುಕುವಂಥದ್ದಲ್ಲ. ಫ್ಲಾಪಿಗಳ ಸಾಲನ್ನು ಒಂದೊಂದಾಗಿ ಹಾಕಿ ತೆಗೆಯಬೇಕಿತ್ತು. ಹಾರ್ಡ್ ಡಿಸ್ಕನ್ನು ಯಾವ ಅಳತೆಯಲ್ಲಿ ಪಾಲು ಮಾಡಬೇಕೆಂದು ಲೆಕ್ಕ ಹಾಕಿ ತಾವೇ ಬರೆಯಬೇಕಿತ್ತು. ಕಿಟಕಿ, ಚಿತ್ರಗಳುಳ್ಳ ಪರದೆ ಬೇಕಾದರೆ ಮಾನಿಟರಿನ ಕಂಪನಾಂಕಗಳನ್ನು ಅದರ ಕೈಪಿಡಿಯಲ್ಲಿ ಹುಡುಕಿ ಒಂದು ಕಡತದಲ್ಲಿ ತುಂಬಬೇಕಿತ್ತು, ಮತ್ತು ಅಂಕಿ ತಪ್ಪಿದರೆ ಮಾನಿಟರ್ ಕೆಟ್ಟೀತೆಂಬ ಎಚ್ಚರಿಕೆಯೂ ಅಲ್ಲಿಯೇ ಇರುತ್ತಿತ್ತು. ಭಾರತದಲ್ಲಿ ಲಿನಕ್ಸ್ ಮೊದಲು ಹರಡಿದ್ದು ಬಹುಮಟ್ಟಿಗೆ ಗಣಕ ಪತ್ರಿಕೆಗಳ ಮೂಲಕ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಂದಿಗೆ ಲಿನಕ್ಸ್ ಸಿಡಿಯನ್ನು ಹಂಚಿದ ಮೇಲೆ, ಬೆಂಗಳೂರಿನಂಥ ನಗರಗಳಲ್ಲಿ ಆಸಕ್ತರ ಕೂಟಗಳು ಬೆಳೆದವು, ಮತ್ತು 2001ರಿಂದ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ನಡೆದು ಮುಂದೆ ಫಾಸ್ ಡಾಟ್ ಇನ್ ಎಂದಾದ ಸಮ್ಮೇಳನ ದೇಶದ ಮುಕ್ತ ತಂತ್ರಾಂಶಿಗರ ದೊಡ್ಡ ನೆರವಿಯಾಯಿತು. ಆದರೂ ಮನೆಯ ಗಣಕದಲ್ಲಿ ಲಿನಕ್ಸ್ ಹಾಕಿಕೊಂಡವರು ಅಂತರ್ಜಾಲಕ್ಕೆ ಹೋಗುವ ಹಂತದಲ್ಲಿಯೇ ಎಡವುತ್ತಿದ್ದರು. ಅಗ್ಗದ ಗಣಕಗಳೊಳಗಿನ ಮೋಡೆಂಗಳು ತಮ್ಮ ಕೆಲಸದ ಹೆಚ್ಚಿನ ಭಾಗವನ್ನು ವಿಂಡೋಸ್‌ನ ತಂತ್ರಾಂಶಕ್ಕೆ ಬಿಟ್ಟಿದ್ದರಿಂದ, ವಿನ್‌ಮೋಡೆಂ ಎಂಬ ಅಡ್ಡಹೆಸರು ಪಡೆದ ಅವು ಲಿನಕ್ಸ್‌ನಲ್ಲಿ ಸುಮ್ಮನೆ ಕುಳಿತಿರುತ್ತಿದ್ದವು. ಸಹಾಯವೆಲ್ಲ ಇದ್ದುದು ಅಂತರ್ಜಾಲದಲ್ಲಿ, ಅಲ್ಲಿಗೆ ಹೋಗುವ ದಾರಿಯೇ ಮುಚ್ಚಿತ್ತು.

ಈ ಬಿಕ್ಕಟ್ಟನ್ನು ಬಿಡಿಸುವ ಪ್ರಯತ್ನಗಳು ಉಬುಂಟುವಿಗಿಂತ ಬಹಳ ಹಿಂದೆಯೇ ತೊಡಗಿದ್ದವು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಯೋಜನೆಗಳು, ಅಂದರೆ ಮೆನು, ಕಿಟಕಿ, ಕಡತಕೋಶಗಳನ್ನೆಲ್ಲ ಒಂದೇ ಹದದಲ್ಲಿ ಒದಗಿಸುವ ಯೋಜನೆಗಳು, ಆರಂಭವಾದವು. 1998ರ ಮಾಂಡ್ರೇಕ್ ಕೆಡಿಇಯನ್ನು ಜೊತೆಗಿಟ್ಟುಕೊಂಡು ಹೊಸಬರ ಡಿಸ್ಟ್ರೋ ಎಂದು ಹೆಸರಾಯಿತು. ಜರ್ಮನಿಯ ಕ್ಲೌಸ್ ಕ್ನಾಪರ್ ರೂಪಿಸಿದ ಕ್ನಾಪಿಕ್ಸ್, ಹಾರ್ಡ್ ಡಿಸ್ಕನ್ನು ಮುಟ್ಟದೆ ಸಿಡಿಯಿಂದಲೇ ಇಡೀ ವ್ಯವಸ್ಥೆ ನಡೆಯಬಲ್ಲದೆಂದು ತೋರಿಸಿತು. ಲಿಂಡೋಸ್ ಎಂಬ ಇನ್ನೊಂದು ಪ್ರಯತ್ನ ಹೆಸರಿನ ಹೋಲಿಕೆಗಾಗಿ ಮೈಕ್ರೋಸಾಫ್ಟ್‌ನೊಂದಿಗೆ ನ್ಯಾಯಾಲಯದ ಕಟ್ಟೆ ಹತ್ತಿ, 2004ರಲ್ಲಿ ರಾಜಿಯಾಗಿ ಹೆಸರು ಬದಲಿಸಿಕೊಂಡಿತು. ಇವುಗಳಲ್ಲಿ ಪ್ರತಿಯೊಂದೂ ಒಂದೊಂದು ತೊಡಕನ್ನು ಬಿಡಿಸಿತೇ ಹೊರತು, ಹೊಸಬರು ಹಾಯಬೇಕಾದ ಇಡೀ ಹಾದಿಯನ್ನು ಒಟ್ಟಾಗಿ ನೋಡಲಿಲ್ಲ.

ಆ ನೋಟ ಬಂದದ್ದು ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಅವರಿಂದ. 1995ರಲ್ಲಿ ಥಾಟ್ ಎಂಬ ಅಂತರ್ಜಾಲ ಭದ್ರತೆಯ ಸಂಸ್ಥೆಯನ್ನು ಕಟ್ಟಿ, 1999ರಲ್ಲಿ ಅದನ್ನು ಸುಮಾರು 57.5 ಕೋಟಿ ಡಾಲರಿಗೆ ಮಾರಿ, 2002ರಲ್ಲಿ ರಷ್ಯದ ಸೋಯುಜ್ ನೌಕೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದಿದ್ದ ಅವರು, 2004ರಲ್ಲಿ ಡೆಬಿಯನ್ ತಂತ್ರಜ್ಞರಲ್ಲಿ ಕೆಲವರನ್ನು ಲಂಡನ್ನಿನಲ್ಲಿ ಸೇರಿಸಿ ಕೆನಾನಿಕಲ್ ಎಂಬ ಸಂಸ್ಥೆಯ ಆಶ್ರಯದಲ್ಲಿ ಹೊಸ ಡಿಸ್ಟ್ರೋದ ಕೆಲಸ ಆರಂಭಿಸಿದರು. ಅಂದು ಕೈಗೊಂಡ ನಿರ್ಧಾರಗಳೆಲ್ಲ ಬಳಕೆದಾರರ ಗೊಂದಲವನ್ನು ಕಡಿಮೆ ಮಾಡುವಂಥವು. ಬೇರೆ ಡಿಸ್ಟ್ರೋಗಳು ಹಲವು ಸಿಡಿಗಳಲ್ಲಿ ನಾಲ್ಕಾರು ಬರಹ ಸಂಪಾದಕಗಳನ್ನೂ ಎರಡು ಮೂರು ಡೆಸ್ಕ್‌ಟಾಪ್‌ಗಳನ್ನೂ ತುಂಬಿ ಆಯ್ಕೆಯನ್ನು ಹೊಸಬರ ತಲೆಗೇ ಕಟ್ಟುತ್ತಿದ್ದರೆ, ಉಬುಂಟು ಒಂದೇ ಸಿಡಿಯಲ್ಲಿ ಒಂದು ಕೆಲಸಕ್ಕೆ ಒಂದು ಪ್ರೋಗ್ರಾಂ ಎಂಬ ನಿಯಮ ಇಟ್ಟುಕೊಂಡಿತು; ಸರ್ವಾಧಿಕಾರವುಳ್ಳ ರೂಟ್ ಖಾತೆಯನ್ನು ಮುಚ್ಚಿ, ಅಪಾಯದ ಕೆಲಸ ಬಂದಾಗ ಬಳಕೆದಾರರ ಗುಪ್ತಪದವನ್ನೇ ಕೇಳಿ ಆ ಹೊತ್ತಿಗೆ ಮಾತ್ರ ಅಧಿಕಾರ ಕೊಡುವ ಸುಡೊ ಕ್ರಮವನ್ನು ತಂದಿತು; ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಎಂದು ಗಡುವು ಹಾಕಿಕೊಂಡು, ವರ್ಷ ಮತ್ತು ತಿಂಗಳನ್ನೇ ಆವೃತ್ತಿಯ ಸಂಖ್ಯೆಯಾಗಿಸಿತು. ಮೊದಲ ಆವೃತ್ತಿ 4.10 ಆದದ್ದು ಹೀಗೆ. ದೋಷಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ ಲಾಂಚ್‌ಪ್ಯಾಡ್ ಎಂಬ ಜಾಲತಾಣದಲ್ಲಿ ಮಾರುಕಟ್ಟೆಯ ಮೇಲಿನ ಮೈಕ್ರೋಸಾಫ್ಟ್‌ನ ಹಿಡಿತವನ್ನೇ ಶಟಲ್‌ವರ್ತ್ ಮೊದಲನೆಯ ದೋಷವೆಂದು ದಾಖಲಿಸಿದ್ದರು. 2013ರಲ್ಲಿ, ಮೊಬೈಲುಗಳಿಂದ ಸನ್ನಿವೇಶ ಬದಲಾಗಿದೆಯೆಂದು, ಆ ದೋಷವನ್ನು ಮುಕ್ತಾಯಗೊಳಿಸಿದರು.

ಭಾರತದ ಓದುಗರಿಗೆ ಈ ಚರಿತ್ರೆಯಲ್ಲಿ ಅತ್ಯಂತ ಆಪ್ತವಾದ ಅಧ್ಯಾಯ ಶಿಪ್‌ಇಟ್ ಎಂಬ ವ್ಯವಸ್ಥೆಯದು. ವಿಳಾಸ ಕೊಟ್ಟು ಕೇಳಿದವರಿಗೆ ಉಬುಂಟು ಸಿಡಿಯನ್ನು ಅಂಚೆ ವೆಚ್ಚವನ್ನೂ ಪಡೆಯದೆ ಕಳಿಸುತ್ತಿದ್ದ ಈ ಸೇವೆ, 2011ರ ಏಪ್ರಿಲ್‌ನಲ್ಲಿ ನಿಲ್ಲುವವರೆಗೂ, ಅಂತರ್ಜಾಲದ ವೇಗವಿಲ್ಲದ ದೇಶಗಳಲ್ಲಿ ಉಬುಂಟುವಿನ ಹೆಬ್ಬಾಗಿಲಾಗಿತ್ತು. ಒಂದು ಸಿಡಿ ಸುಮಾರು 700 ಎಂಬಿ. ದೂರವಾಣಿ ತಂತಿಯ ಮೇಲೆ ಸೆಕೆಂಡಿಗೆ 56 ಕಿಲೋಬಿಟ್ ವೇಗದ ಮೋಡೆಂನಲ್ಲಿ ಅಷ್ಟನ್ನು ಇಳಿಸಿಕೊಳ್ಳಲು, ಸಂಪರ್ಕ ಒಮ್ಮೆಯೂ ಕಡಿಯದಿದ್ದರೂ, ಒಂದು ದಿನಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ಬಿಎಸ್ಎನ್ಎಲ್ ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದ್ದೇ 2005ರಲ್ಲಿ, ಅದೂ ಮೊದಲಿಗೆ ನಗರಗಳಲ್ಲಿ. ಇಂಥ ಹೊತ್ತಿನಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲಿಗೋ ತಾಲ್ಲೂಕು ಕೇಂದ್ರದ ಮನೆಗೋ ಹೊರದೇಶದಿಂದ ಬಂದ ಲಕೋಟೆ ಕೈಯಿಂದ ಕೈಗೆ ಹೋಗಿ, ಒಂದೇ ಸಿಡಿಯಿಂದ ಹತ್ತಾರು ಗಣಕಗಳಿಗೆ ಉಬುಂಟು ಏರಿತು. ನಕಲು ಮಾಡಿ ಹಂಚುವುದು ಅಪರಾಧವಲ್ಲ, ಹಕ್ಕು ಎಂಬ ಜಿಪಿಎಲ್‌ನ ತತ್ತ್ವವನ್ನು ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ವಿದ್ಯಾರ್ಥಿಗಳಿಗೆ ಮನಗಾಣಿಸಿದ್ದು ಈ ಸಿಡಿಗಳೇ.

ಸಿಡಿ ಕೈಗೆ ಬಂದ ಮೇಲೆ ಹೊಸಬರನ್ನು ಕಾಡುತ್ತಿದ್ದುದು ಭಯ. ಡಿಸ್ಕಿನಲ್ಲಿರುವ ಫೋಟೋ, ಪತ್ರ, ಲೆಕ್ಕಗಳು ಅಳಿಸಿಹೋದಾವೆಂಬ ಈ ಭಯ ನಿರಾಧಾರವಾಗಿರಲಿಲ್ಲ, ಏಕೆಂದರೆ ಡಿಸ್ಕಿನ ಪಾಲು ಮಾಡುವ ಹಂತದಲ್ಲಿ ಒಂದು ತಪ್ಪು ಒತ್ತು ಸಾಕಾಗಿತ್ತು. 2006ರ ಜೂನ್‌ನಲ್ಲಿ ಬಂದ 6.06 ಆವೃತ್ತಿಯಲ್ಲಿ ಪ್ರಯೋಗಿಸಿ ನೋಡುವ ಸಿಡಿಯೂ ಅಳವಡಿಸುವ ಸಿಡಿಯೂ ಒಂದೇ ಆದವು. ವ್ಯವಸ್ಥೆಯನ್ನು ಮೊದಲು ಸಿಡಿಯಿಂದಲೇ ನಡೆಸಿ, ಪರದೆ, ಧ್ವನಿ, ಜಾಲಸಂಪರ್ಕ ಸರಿಯಿದೆಯೇ ಎಂದು ನೋಡಿಕೊಂಡು, ಆಮೇಲೆ ಅಳವಡಿಸುವ ಈ ಕ್ರಮವೇ ಇಂದಿಗೂ ಹೆಚ್ಚಿನ ಡಿಸ್ಟ್ರೋಗಳ ರೂಢಿ. ದೀರ್ಘಕಾಲದ ಬೆಂಬಲವುಳ್ಳ ಆವೃತ್ತಿ, ಅಂದರೆ ಎಲ್‌ಟಿಎಸ್, ಎಂಬ ಕ್ರಮವೂ ಇಲ್ಲಿಂದಲೇ ಆರಂಭ. 2008ರ 8.04ರಲ್ಲಿ ಬಂದ ವುಬಿ ಎಂಬ ಸಲಕರಣೆ ಇನ್ನೂ ಮುಂದೆ ಹೋಗಿ, ಡಿಸ್ಕನ್ನು ಪಾಲು ಮಾಡದೆ ವಿಂಡೋಸ್‌ನ ಒಳಗಿನ ಒಂದು ದೊಡ್ಡ ಕಡತದಲ್ಲಿ ಉಬುಂಟುವನ್ನು ಇರಿಸಿ, ಬೇಡವೆನಿಸಿದರೆ ಉಳಿದ ಪ್ರೋಗ್ರಾಂಗಳಂತೆಯೇ ತೆಗೆದುಹಾಕಲು ಅವಕಾಶ ಕೊಟ್ಟಿತು.

ಅಳವಡಿಸಿದ ಬಳಿಕದ ತೊಡಕುಗಳು ಮಾತ್ರ ಬೇರೆ ಬಗೆಯವು. ವೈಫೈ ತಯಾರಕರು ವಿಂಡೋಸ್‌ಗಷ್ಟೇ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಒದಗಿಸುತ್ತಿದ್ದುದರಿಂದ, ಆ ಡ್ರೈವರನ್ನೇ ಲಿನಕ್ಸ್‌ನಲ್ಲಿ ಹೇಗೋ ನಡೆಸುವ ಎನ್‌ಡಿಐಎಸ್ ರ‍್ಯಾಪರ್ ಎಂಬ ಉಪಾಯವನ್ನು ಸಾವಿರಾರು ಬಳಕೆದಾರರು ಆಜ್ಞೆಗಳನ್ನು ಸಾಲುಸಾಲಾಗಿ ಬರೆದು ಕಲಿತರು. ಎಂಪಿ3 ಹಾಡುಗಳನ್ನು ನುಡಿಸುವ ತಂತ್ರ ಪೇಟೆಂಟುಗಳಿಗೆ ಒಳಪಟ್ಟಿದ್ದರಿಂದ ಉಬುಂಟು ಅದನ್ನು ಸಿಡಿಯಲ್ಲಿ ಕೊಡುವಂತಿರಲಿಲ್ಲ. ಹೊಸ ಬಳಕೆದಾರರು ಮೊದಲ ದಿನವೇ ಹಾಡಿನ ಕಡತ ತೆರೆದು ಮೌನವನ್ನು ಕೇಳುತ್ತಿದ್ದರು. 2007ರ 7.04ರಲ್ಲಿ ಇಂಥ ಕಡತ ತೆರೆದಾಗ ಬೇಕಾದ ಭಾಗವನ್ನು ತಾನಾಗಿಯೇ ಹುಡುಕಿ ತರುವ ಏರ್ಪಾಡೂ, ಮುಕ್ತವಲ್ಲದ ಡ್ರೈವರುಗಳನ್ನು ಒಂದು ಗುಂಡಿಯಿಂದ ಹಾಕಿಕೊಳ್ಳುವ ಸೌಲಭ್ಯವೂ ಬಂದವು. ಇದನ್ನೇ ಮೊದಲಿನಿಂದ ಸಿದ್ಧವಾಗಿಟ್ಟು ಕೊಟ್ಟದ್ದು 2006ರಲ್ಲಿ ಕ್ಲೆಮೆಂಟ್ ಲಫೆಬ್ರ್ ಆರಂಭಿಸಿದ ಲಿನಕ್ಸ್ ಮಿಂಟ್. ಉಬುಂಟುವಿನ ಮೇಲೆಯೇ ಕಟ್ಟಿದ ಈ ಡಿಸ್ಟ್ರೋ ಜನಪ್ರಿಯವಾಗಲು ಹಾಡು, ಚಲನಚಿತ್ರ ಯಾವ ಸಾಹಸವೂ ಇಲ್ಲದೆ ನಡೆಯುತ್ತಿದ್ದುದು ದೊಡ್ಡ ಕಾರಣ. ಹಾಗೆಂದು ಪ್ರಗತಿ ಒಂದೇ ದಿಕ್ಕಿನಲ್ಲಿ ಸಾಗಿತೆನ್ನಲಾಗದು. 8.04ರಲ್ಲಿ ಪಲ್ಸ್‌ಆಡಿಯೋ ಎಂಬ ಹೊಸ ಧ್ವನಿ ವ್ಯವಸ್ಥೆ ಬಂದಾಗ, ಅದುವರೆಗೆ ಸರಿಯಾಗಿ ಮಾತಾಡುತ್ತಿದ್ದ ಎಷ್ಟೋ ಗಣಕಗಳು ಮೂಕವಾದವು; ಆರು ತಿಂಗಳಿಗೊಮ್ಮೆ ಹೊಸತಕ್ಕೆ ಹೋಗುವವರು ಕಪ್ಪು ಪರದೆಯನ್ನು ಕಂಡು ಕಂಗೆಟ್ಟ ಮೇಲೆಯೇ ಎಲ್‌ಟಿಎಸ್ ಆವೃತ್ತಿಗಳಲ್ಲಿ ನೆಲೆನಿಲ್ಲುವ ವಿವೇಕ ಸಾಮಾನ್ಯ ಬಳಕೆದಾರರಲ್ಲಿ ಬೆಳೆಯಿತು.

ಕನ್ನಡಿಗರ ಅನುಭವವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಸುಲಭ ಎಂದು ಜಗತ್ತು ಒಪ್ಪಿದ ವ್ಯವಸ್ಥೆ ಕನ್ನಡದಲ್ಲಿ ಬರೆಯುವವರಿಗೆ ಬಹಳ ಕಾಲ ಸುಲಭವಾಗಿರಲಿಲ್ಲ. ಕರ್ನಾಟಕದಲ್ಲಿ ಕನ್ನಡದ ಗಣಕ ಬರವಣಿಗೆ ಬೆಳೆದದ್ದು ಬರಹ ಮತ್ತು ನುಡಿ ತಂತ್ರಾಂಶಗಳ ಆಸರೆಯಲ್ಲಿ. ಇವೆರಡೂ ವಿಂಡೋಸ್‌ಗಾಗಿ ರೂಪುಗೊಂಡವು, ಮತ್ತು ಇವುಗಳ ಹಳೆಯ ಕಡತಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಇರಿಸಿದ ಫಾಂಟುಗಳನ್ನು ನೆಚ್ಚಿದ್ದವು. ಫಾಂಟ್ ಇಲ್ಲದ ಗಣಕದಲ್ಲಿ ಅಂಥ ಕಡತ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ದೊರೆತಿದ್ದರೂ, ಅದನ್ನು ಪರದೆಯ ಮೇಲೆ ಸರಿಯಾಗಿ ಮೂಡಿಸುವುದು ಬೇರೆಯೇ ಕೆಲಸ. ಯುನಿಕೋಡ್ ಒತ್ತಕ್ಷರಗಳನ್ನು ಇಡಿಯಾಗಿ ದಾಖಲಿಸದೆ, ವ್ಯಂಜನ, ಹಲಂತ, ವ್ಯಂಜನ ಎಂಬ ಸರಣಿಯಾಗಿ ಇರಿಸುತ್ತದೆ. ಆ ಸರಣಿಯನ್ನು ಓದಿ, ಒತ್ತನ್ನು ಕೆಳಗೆ ಕೂರಿಸಿ, ಮೊದಲು ಬರುವ ರಕಾರವನ್ನು ಅರ್ಕಾವೊತ್ತಾಗಿ ಬಲಕ್ಕೆ ಸರಿಸುವುದು ರೆಂಡರಿಂಗ್ ಎಂಜಿನ್ ಎಂಬ ತಂತ್ರಾಂಶದ ಹೊಣೆ. ಗ್ನೋಮ್‌ನ ಪ್ಯಾಂಗೋ, ಕೆಡಿಇ ನೆಚ್ಚಿದ ಕ್ಯೂಟಿ, ಓಪನ್ಆಫೀಸ್ ಎಂಬ ಕಚೇರಿ ತಂತ್ರಾಂಶ ಬಳಸುತ್ತಿದ್ದ ಐಸಿಯು ಎಂದು ಈ ಎಂಜಿನ್ನುಗಳು ಬೇರೆಬೇರೆಯಾಗಿದ್ದುದರಿಂದ, ಒಂದೇ ವಾಕ್ಯ ಒಂದೇ ಗಣಕದಲ್ಲಿ ಒಂದು ಕಿಟಕಿಯಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ಒಡೆದೂ ಕಾಣುವುದು ಸಾಮಾನ್ಯವಾಗಿತ್ತು. ಮುಂದೆ ಹಾರ್ಫ್‌ಬಝ್ ಎಂಬ ಒಂದೇ ಮುಕ್ತ ಎಂಜಿನ್ ಈ ಎಲ್ಲ ಯೋಜನೆಗಳಲ್ಲೂ ನೆಲೆಯೂರಿದ ಮೇಲೆಯೇ ಈ ಒಡಕು ಬಹುಮಟ್ಟಿಗೆ ನಿಂತದ್ದು.

ಈ ಸುಧಾರಣೆ ಯಾವ ಮಾರುಕಟ್ಟೆಯ ಒತ್ತಡದಿಂದಲೂ ಬಂದದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕೇದಗೆ, ಮಲ್ಲಿಗೆ, ಲೋಹಿತ್ ಕನ್ನಡ, ಆಮೇಲೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಬಂದವು. ಅಕ್ಷರ ಮೂಡಿಸಲು ಮೊದಲು ಸ್ಕಿಮ್, ಬಳಿಕ ಐಬಸ್ ಎಂಬ ಕೀಲಿಮಣೆ ವ್ಯವಸ್ಥೆಗಳು ಬಂದು, ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯ ಬಳಕೆದಾರರಿಗೆ ಬೆರಳ ತುದಿಯಲ್ಲಿದ್ದ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲೂ ಸಿಕ್ಕಿತು. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಮೆನುಗಳು ಕನ್ನಡಕ್ಕೆ ಬಂದದ್ದರಲ್ಲಿ ಸಂಬಳ ಪಡೆದು ಅನುವಾದಿಸಿದವರ ಪಾಲೂ ಇದೆ, ದಿನದ ಕೆಲಸ ಮುಗಿಸಿ ರಾತ್ರಿ ಕುಳಿತು ಸಾಲು ಸಾಲು ತಿದ್ದಿದ ಹವ್ಯಾಸಿಗಳ ಪಾಲೂ ಇದೆ. 2006ರಲ್ಲಿ ಗ್ನೋಮ್‌ನ ಭಾಗವಾದ ಓರ್ಕ ಎಂಬ ಪರದೆ ಓದುಗ ತಂತ್ರಾಂಶ ಮತ್ತು ಕನ್ನಡವನ್ನೂ ಉಚ್ಚರಿಸಬಲ್ಲ ಈಸ್ಪೀಕ್ ಎಂಬ ಧ್ವನಿ ಎಂಜಿನ್ ಕೂಡಿ, ದುಬಾರಿ ಪರವಾನಗಿಯ ಸಲಕರಣೆಗಳನ್ನು ಕೊಳ್ಳಲಾಗದ ದೃಷ್ಟಿದೋಷವುಳ್ಳವರಿಗೆ ಗಣಕದ ಬಾಗಿಲನ್ನು ಬೆಲೆಯಿಲ್ಲದೆ ತೆರೆದವು. ಈಸ್ಪೀಕ್‌ನ ಧ್ವನಿ ಯಾಂತ್ರಿಕವಾದರೂ, ಓದುವ ಸ್ವಾತಂತ್ರ್ಯದ ಮುಂದೆ ಅದು ಸಣ್ಣ ಕೊರತೆ.

ಶಾಲೆಗಳಲ್ಲಿ ಮತ್ತು ಕಚೇರಿಗಳಲ್ಲಿ ಬಳಕೆದಾರರ ಅನುಭವ ವೈಯಕ್ತಿಕ ಆಸಕ್ತಿಯನ್ನು ದಾಟಿ ನೀತಿಯಾಯಿತು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿ, ಮುಂದೆ ಉಬುಂಟುವನ್ನೇ ತನ್ನ ಪಠ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡಿತು. ಕರ್ನಾಟಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ನಡೆಸಿದ ಪ್ರೌಢಶಾಲಾ ಶಿಕ್ಷಕರ ತರಬೇತಿಗಳಲ್ಲಿ ಉಬುಂಟು, ಗಣಿತ ಕಲಿಕೆಯ ಜಿಯೋಜೀಬ್ರಾ ಮುಂತಾದ ಮುಕ್ತ ಸಲಕರಣೆಗಳನ್ನು ಬಳಸಿತು. ಫ್ರಾನ್ಸಿನ ಜಾಂಡಾರ್ಮೆರಿ ಎಂಬ ಪೊಲೀಸ್ ಪಡೆಯ ಕ್ರಮ ವಿಶೇಷವಾಗಿ ಗಮನಾರ್ಹ: ಅದು ಮೊದಲು 2005ರಿಂದ ವಿಂಡೋಸ್‌ನ ಮೇಲೆಯೇ ಓಪನ್ಆಫೀಸ್, ಫೈರ್‌ಫಾಕ್ಸ್‌ಗಳನ್ನು ರೂಢಿಮಾಡಿಸಿ, ಸಿಬ್ಬಂದಿಯ ಕೈ ಪಳಗಿದ ಮೇಲೆ, 2008ರಿಂದ ಹತ್ತಾರು ಸಾವಿರ ಗಣಕಗಳನ್ನು ಉಬುಂಟುವಿಗೆ ಬದಲಿಸಿತು. ಇದಕ್ಕೆ ಎದುರಾಗಿ ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15,000 ಗಣಕಗಳನ್ನು ಲಿನಕ್ಸ್‌ಗೆ ತಂದೂ 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಆಡಳಿತದ ನಿರಂತರ ಬೆಂಬಲವಿಲ್ಲದಿದ್ದರೆ ವ್ಯವಸ್ಥೆ ಎಷ್ಟೇ ಸುಲಭವಾಗಿದ್ದರೂ ನಿಲ್ಲದು.

ಉಬುಂಟು ಮತ್ತು ಅದರ ಬಳಕೆದಾರರ ನಡುವಿನ ನಂಟು ಕೆಡತೊಡಗಿದ್ದು 2010ರಲ್ಲಿ. ಆ ವರ್ಷ ಕಿಟಕಿ ಮುಚ್ಚುವ ಗುಂಡಿಗಳನ್ನು ಬಲದಿಂದ ಎಡಕ್ಕೆ ಸರಿಸಿದಾಗ ಎದ್ದ ಆಕ್ಷೇಪಗಳನ್ನು ಸಂಸ್ಥೆ ಕಿವಿಗೆ ಹಾಕಿಕೊಳ್ಳಲಿಲ್ಲ. 2011ರ ಏಪ್ರಿಲ್‌ನ 11.04ರಲ್ಲಿ ಯೂನಿಟಿ ಎಂಬ ಹೊಸ ಡೆಸ್ಕ್‌ಟಾಪ್ ಬಂದು, ವರ್ಷಗಳಿಂದ ಕೈಗೆ ಒಗ್ಗಿದ್ದ ಮೆನು, ಪಟ್ಟಿಗಳೆಲ್ಲ ಮಾಯವಾದವು. ಅದೇ ತಿಂಗಳು ಬಂದ ಗ್ನೋಮ್ 3 ಕೂಡ ಅಷ್ಟೇ ಅಪರಿಚಿತವಾಗಿತ್ತು. ಇವಕ್ಕಿಂತ ಗಂಭೀರವಾದುದು 2012ರ 12.10ರ ನಡೆ: ಬಳಕೆದಾರರು ತಮ್ಮ ಗಣಕದಲ್ಲಿ ಕಡತ ಹುಡುಕಲು ಬೆರಳಚ್ಚಿಸಿದ ಪದಗಳು ಸಂಸ್ಥೆಯ ಸರ್ವರಿಗೆ ಹೋಗಿ, ಅಮೆಜಾನ್‌ನ ಸರಕುಗಳ ರೂಪದಲ್ಲಿ ಮರಳತೊಡಗಿದವು. ಸ್ಟಾಲ್‌ಮನ್ ಇದನ್ನು ಬೇಹುಗಾರಿಕೆಯೆಂದೇ ಖಂಡಿಸಿದರು. ಆ ಖಂಡನೆ ನ್ಯಾಯವಾದದ್ದು. ಕೇಳದೆ ಮನೆಯೊಳಗಿನ ಮಾತನ್ನು ಹೊರಗೆ ಒಯ್ಯುವ ಅಧಿಕಾರ ಯಾವ ವ್ಯವಸ್ಥೆಗೂ ಇಲ್ಲ. 2016ರ 16.04ರಲ್ಲಿ ಮಾತ್ರ ಈ ಹುಡುಕಾಟ ತಾನಾಗಿ ನಡೆಯುವುದು ನಿಂತಿತು.

ಬೇರೆ ಕಂಪನಿಯ ಮುಚ್ಚಿದ ತಂತ್ರಾಂಶದಲ್ಲಿ ಇಂಥದ್ದು ನಡೆದಿದ್ದರೆ ಬಳಕೆದಾರರಿಗೆ ದೂರುವುದು ಬಿಟ್ಟು ಬೇರೆ ದಾರಿ ಇರುತ್ತಿರಲಿಲ್ಲ. ಇಲ್ಲಿ ಪರವಾನಗಿ ಬೇರೆ ದಾರಿಯನ್ನು ಮೊದಲೇ ತೆರೆದಿಟ್ಟಿತ್ತು. ಅರ್ಜೆಂಟೀನಾದ ಬಳಕೆದಾರರೊಬ್ಬರು ಹಳೆಯ ಗ್ನೋಮ್ 2ರ ಕೋಡನ್ನೇ ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು; ಲಿನಕ್ಸ್ ಮಿಂಟ್ ತಂಡ ಗ್ನೋಮ್ 3ರ ತಳಹದಿಯ ಮೇಲೆ ಹಳೆಯ ಮಾದರಿಯ ಮೆನುವುಳ್ಳ ಸಿನಮನ್ ಡೆಸ್ಕ್‌ಟಾಪನ್ನು ಕಟ್ಟಿತು; ಯೂನಿಟಿಯಿಂದ ಬೇಸತ್ತವರಲ್ಲಿ ಅನೇಕರು ಮಿಂಟ್‌ಗೆ ಹೋದರು. ಶಟಲ್‌ವರ್ತ್ 2017ರ ಏಪ್ರಿಲ್‌ನಲ್ಲಿ ಯೂನಿಟಿಯನ್ನೂ ಉಬುಂಟು ಫೋನಿನ ಯೋಜನೆಯನ್ನೂ ಕೈಬಿಟ್ಟು ಗ್ನೋಮ್‌ಗೆ ಮರಳುವುದಾಗಿ ಘೋಷಿಸಿದರು. ಮುಕ್ತ ತಂತ್ರಾಂಶದ ನಿಜವಾದ ಸುಲಭತೆ ಗುಂಡಿ ಎಲ್ಲಿದೆ ಎಂಬುದರಲ್ಲಿಲ್ಲ, ಒಪ್ಪದವರು ತಮ್ಮ ಕೆಲಸ ಕೆಡದಂತೆ ಬೇರೆಡೆಗೆ ಹೊರಡಬಹುದು ಎಂಬುದರಲ್ಲಿದೆ. ಈ ಆರು ವರ್ಷಗಳ ಘಟನಾವಳಿಯಷ್ಟು ಸ್ಪಷ್ಟವಾಗಿ ಅದನ್ನು ತೋರಿಸುವ ನಿದರ್ಶನ ಮತ್ತೊಂದಿಲ್ಲ.

ಅಂದಿನಿಂದ ಈಚೆಗೆ ಹೊಸಬರು ಬರುವ ಕಾರಣವೂ ಬದಲಾಗಿದೆ. 2013ರಲ್ಲಿ ಸ್ಟೀಮ್ ಎಂಬ ಆಟಗಳ ವೇದಿಕೆ ಲಿನಕ್ಸ್‌ಗೆ ಬಂದು, 2018ರಲ್ಲಿ ವಿಂಡೋಸ್ ಆಟಗಳನ್ನೂ ಅದರಲ್ಲಿ ನಡೆಸುವ ಪ್ರೋಟಾನ್ ಸೇರಿದ ಮೇಲೆ, ಆಟಕ್ಕಾಗಿಯೇ ವಿಂಡೋಸ್ ಉಳಿಸಿಕೊಂಡಿದ್ದ ಯುವಜನರ ಅಡಚಣೆ ಕಡಿಮೆಯಾಯಿತು. 2014ರಲ್ಲಿ ವಿಂಡೋಸ್ ಎಕ್ಸ್‌ಪಿ, 2020ರಲ್ಲಿ ವಿಂಡೋಸ್ 7, 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗಲೆಲ್ಲ, ಗಟ್ಟಿಮುಟ್ಟಾಗಿಯೇ ಇರುವ ಹಳೆಯ ಗಣಕವನ್ನು ಎಸೆಯಲೊಲ್ಲದವರು ಲಿನಕ್ಸ್‌ನತ್ತ ತಿರುಗಿದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ, ಇನ್ನು ಮುಂದೆಯೂ ಬರುತ್ತಾರೆ. ಹಳೆಯ ನುಡಿ, ಬರಹ ಕಡತಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳಲ್ಲಿ ಇನ್ನೂ ತಿದ್ದಬೇಕಾದುದಿದೆ, ಹೊಸ ಆವೃತ್ತಿಗಳ ಮೆನುಗಳಲ್ಲಿ ಅನುವಾದವಾಗದ ಸಾಲುಗಳಿವೆ, ಕೆಲವು ಫಾಂಟುಗಳಲ್ಲಿ ಒತ್ತುಗಳ ಜೋಡಣೆ ಸಮರ್ಪಕವಾಗಿಲ್ಲ. ಆದುದರಿಂದ ಕನ್ನಡದಲ್ಲಿ ಉಬುಂಟುವನ್ನೋ ಮಿಂಟ್ ಅನ್ನೋ ಬಳಸುವವರು, ಪರದೆಯ ಮೇಲೆ ಅಕ್ಷರ ಒಡೆದು ಕಂಡಾಗ ಸಹಿಸಿಕೊಂಡು ಮುಂದೆ ಸಾಗದೆ, ಆ ತಪ್ಪನ್ನು ಆಯಾ ಯೋಜನೆಯ ದೋಷಪಟ್ಟಿಯಲ್ಲಿ ಉದಾಹರಣೆಯ ಸಮೇತ ದಾಖಲಿಸಬೇಕು, ಬಿಡುವಿದ್ದವರು ಅನುವಾದಕ್ಕೂ ಕೈಜೋಡಿಸಬೇಕು.